ಗುಡ್ಡ ಹತ್ತುವ ಹಗ್ಗದ ರೈಲು

ಯಾದಗಿರಿ ರೈಲು ನಿಲ್ದಾಣಕ್ಕೆ ಬಂದಿಳಿಯುವವರನ್ನು ನಮ್ಮ ಊರಿನ ಕೋಟೆಯ ಗುಡ್ಡ ದೂರದಿಂದಲೇ ಎದುರುಗೊಳ್ಳುತ್ತದೆ. ಬಂಡೆಯ ಮೇಲೆ ಬಂಡೆ, ನಡುವೆ ಗೋಡೆ, ಅದರ ಮೇಲೆ ಬುರುಜು. ಕೆಳಗೆ ಮುಂಬೈ–ಚೆನ್ನೈ ರೈಲು ಮಾರ್ಗ. ನಮ್ಮ ಶಾಲೆಯ ಮಕ್ಕಳಿಗೆ ಈ ಎರಡೂ ಹುಟ್ಟಿನಿಂದ ಪರಿಚಿತ. ಆದರೆ ಗುಡ್ಡವನ್ನು ದಿನವೂ ನೋಡುವವರೆಲ್ಲ ಅದನ್ನು ಹತ್ತಿದವರಲ್ಲ.

ಕೆಲವು ವರ್ಷಗಳ ಹಿಂದೆ ನಾವು ಏಳನೆಯ ತರಗತಿಯ ಮಕ್ಕಳನ್ನು ಕೋಟೆ ತೋರಿಸಲು ಕರೆದುಕೊಂಡು ಹೋಗಿದ್ದೆವು. ಅವರಲ್ಲಿ ಒಬ್ಬ ಹುಡುಗಿಗೆ ಚಿಕ್ಕಂದಿನಿಂದಲೇ ಒಂದು ಕಾಲಿನಲ್ಲಿ ಬಲವಿರಲಿಲ್ಲ. ಊರುಗೋಲು ಹಿಡಿದು ನಡೆಯುತ್ತಿದ್ದಳು. ಬಿಸಿಲೇರುವ ಮೊದಲು ಮೇಲೆ ಹೋಗಿ ಬರಬೇಕೆಂಬ ಆತುರದಲ್ಲಿ ನಾನು ಅವಳಿಗೆ, "ನೀನು ಇಲ್ಲೇ ನೆರಳಲ್ಲಿ ಕೂಡಮ್ಮಾ, ಎಲ್ಲರ ಚೀಲ, ಊಟದ ಡಬ್ಬಿ ನೋಡಿಕೊಂಡಿರು" ಎಂದೆ. ಅವಳ ಜೊತೆಗೆ ಒಬ್ಬ ಶಿಕ್ಷಕಿಯೂ ಉಳಿದರು. ಅದೇ ಹೊತ್ತಿಗೆ ಕೆಳಗಿನ ಹಳಿಯಲ್ಲಿ ಗೂಡ್ಸ್ ಗಾಡಿಯೊಂದು ಸಾಗಿತು. ಅವಳು ಅದನ್ನು ನೋಡಿ ಕೇಳಿದಳು: "ಸರ್, ರೇಲ್ ಪಹಾಡ್ ಪೋ ನೈ ಚಡ್ತಿ ಕ್ಯಾ?" ರೈಲು ಗುಡ್ಡ ಹತ್ತುವುದಿಲ್ಲವೇ ಎಂಬುದು ಅವಳ ಪ್ರಶ್ನೆ.

"ಇಲ್ಲಮ್ಮಾ, ರೈಲು ಸಪಾಟು ನೆಲದ ಮೇಲೆ ಮಾತ್ರ ಓಡುತ್ತದೆ" ಎಂದು ಹೇಳಿ ನಾನು ಮೆಟ್ಟಿಲು ಹತ್ತಿದೆ.

ನನ್ನ ಉತ್ತರ ತಪ್ಪಾಗಿತ್ತು. ಅದು ತಪ್ಪೆಂದು ನನಗೆ ಗೊತ್ತಿತ್ತು ಕೂಡ. ಏಕೆಂದರೆ ಬಿ.ಎಡ್. ಓದುತ್ತಿದ್ದಾಗ ನಾನೇ ಅಂಥದೊಂದು ಗಾಡಿಯಲ್ಲಿ ಕುಳಿತಿದ್ದೆ. ಅವಸರದಲ್ಲಿ ಮಕ್ಕಳ ಪ್ರಶ್ನೆಯನ್ನು ಬದಿಗೆ ತಳ್ಳುವ ಅಭ್ಯಾಸ ನಮ್ಮಂಥ ಶಿಕ್ಷಕರಲ್ಲಿ ಇದೆ. ಆ ಹುಡುಗಿಗೆ ಕೊಡಬೇಕಾಗಿದ್ದ ಸರಿಯಾದ ಉತ್ತರವನ್ನು ಈ ಲೇಖನದಲ್ಲಿ ಬರೆಯುತ್ತಿದ್ದೇನೆ.

ರೈಲಿಗೆ ಏರು ಏಕೆ ಕಷ್ಟ?

ರೈಲಿನ ಗಾಲಿಯೂ ಉಕ್ಕು, ಹಳಿಯೂ ಉಕ್ಕು. ಎರಡೂ ನುಣುಪಾಗಿರುವುದರಿಂದ ಘರ್ಷಣೆ ಕಡಿಮೆ. ಸಪಾಟು ನೆಲದಲ್ಲಿ ಒಂದು ಎಂಜಿನ್ ಸಾವಿರಾರು ಟನ್ ಎಳೆಯುವುದು ಇದೇ ಕಾರಣದಿಂದ. ಆದರೆ ಏರು ಬಂದೊಡನೆ ಇದೇ ಗುಣ ದೋಷವಾಗುತ್ತದೆ. ಹಿಡಿತ ಸಾಲದೆ ಗಾಲಿ ನಿಂತಲ್ಲೇ ಸುತ್ತತೊಡಗುತ್ತದೆ.

ನಮ್ಮ ಊರಿನ ಮೂಲಕ ಹೋಗುವ ಮಾರ್ಗವನ್ನೇ ನೋಡಿ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿ ಮುಂಬೈಯಿಂದ ಹಾಕುತ್ತ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ಕಡೆಯ ಹಳಿಯನ್ನು ಕೂಡಿಕೊಂಡಿತು. ಈ ಮಾರ್ಗದ ಅತಿ ಕಠಿಣ ಭಾಗ ಇರುವುದು ಪುಣೆಯಾಚೆಯ ಭೋರ್ ಘಾಟ್‌ನಲ್ಲಿ. 1863ರಲ್ಲಿ ಮುಗಿದ ಆ ಘಾಟಿಯ ಅತ್ಯಂತ ಕಡಿದಾದ ಜಾಗದಲ್ಲಿ 37 ಅಡಿ ಮುಂದೆ ಸಾಗಿದರೆ ಏರುವುದು ಒಂದೇ ಅಡಿ. ಅಷ್ಟು ಸಣ್ಣ ಏರಿಗೂ ಇಂದು ಕರ್ಜತ್‌ನಿಂದ ಲೋನಾವಳದವರೆಗೆ ರೈಲುಗಳಿಗೆ ಹಿಂದಿನಿಂದ ಹೆಚ್ಚುವರಿ ಎಂಜಿನ್ ಜೋಡಿಸಿ ತಳ್ಳಿಸುತ್ತಾರೆ. ಮುಂಬೈಗೆ ದುಡಿಯಲು ಹೋಗಿ ಬರುವ ನಮ್ಮ ಜಿಲ್ಲೆಯ ಜನ ಇದನ್ನು ನೋಡಿಯೇ ಇರುತ್ತಾರೆ.

ಇನ್ನೂ ಕಡಿದಾದ ನೀಲಗಿರಿಯಲ್ಲಿ ಬೇರೆ ಉಪಾಯ ಮಾಡಿದರು. ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿ, ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಏರುವಂತೆ ಮಾಡಿದರು. ಆ ರೈಲು 1899ರಲ್ಲಿ ಕೂನೂರಿಗೂ 1908ರಲ್ಲಿ ಊಟಿಗೂ ತಲುಪಿತು. ಅಲ್ಲಿಯೂ ಅತಿ ಹೆಚ್ಚಿನ ಏರು 25 ಅಡಿಗೆ ಎರಡು ಅಡಿ ಮಾತ್ರ. ಯಾದಗಿರಿ ಕೋಟೆಯಂತೆ ಎದ್ದು ನಿಂತ ಗುಡ್ಡಕ್ಕೆ ಇದೂ ಸಾಲದು. ಅಂಥ ಕಡೆ ಉಳಿಯುವುದು ಒಂದೇ ದಾರಿ: ಗಾಡಿ ತಾನಾಗಿ ಹತ್ತುವುದನ್ನು ಬಿಡಬೇಕು, ಹಗ್ಗ ಕಟ್ಟಿ ಮೇಲಿನಿಂದ ಎಳೆಯಬೇಕು.

ಬಾವಿಯ ರಾಟೆಯ ಲೆಕ್ಕ

ಹೀಗೆ ಹಗ್ಗದಿಂದ ಎಳೆಸಿಕೊಂಡು ಇಳಿಜಾರಿನ ಹಳಿಯ ಮೇಲೆ ಏರಿಳಿಯುವ ಗಾಡಿಗೆ ಫ್ಯುನಿಕ್ಯುಲರ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಸಣ್ಣ ಹಗ್ಗ ಎಂಬ ಅರ್ಥದ ಶಬ್ದದಿಂದ ಬಂದದ್ದು. ನಾವು ಹಗ್ಗದ ರೈಲು ಎನ್ನೋಣ. ಆಕಾಶದಲ್ಲಿ ತೂಗಾಡುತ್ತ ಹೋಗುವ ರೋಪ್‌ವೇ ಬೇರೆ, ಇದು ಬೇರೆ. ಇದರ ಗಾಲಿ ನೆಲದ ಹಳಿಯನ್ನು ಬಿಡುವುದಿಲ್ಲ.

ಇದರ ತತ್ವ ಹಳ್ಳಿಯಲ್ಲಿ ಬೆಳೆದವರಿಗೆ ಹೊಸದಲ್ಲ. ರಾಟೆಯ ಹಗ್ಗದ ಎರಡು ತುದಿಗೂ ಕೊಡ ಕಟ್ಟಿದರೆ ಒಂದು ಇಳಿಯುವಾಗ ಇನ್ನೊಂದು ಏರುತ್ತದೆ. ಹಿಂದೆ ಕಪಿಲೆ ಬಾವಿಗಳಲ್ಲಿ ಎತ್ತುಗಳನ್ನು ಇಳಿಜಾರಿನ ಕಡೆಗೆ ನಡೆಸುತ್ತಿದ್ದರು. ಎತ್ತಿನ ಬಲದ ಜೊತೆಗೆ ಅದರ ಮೈಭಾರವೂ ನೀರೆತ್ತಲು ನೆರವಾಗುತ್ತಿತ್ತು. ಹಗ್ಗದ ರೈಲಿನಲ್ಲಿಯೂ ಹಾಗೆಯೇ. ಎರಡು ಡಬ್ಬಿಗಳನ್ನು ಒಂದೇ ಹಗ್ಗದ ಎರಡು ತುದಿಗೆ ಕಟ್ಟಿ, ಹಗ್ಗವನ್ನು ಗುಡ್ಡದ ಮೇಲಿನ ದೊಡ್ಡ ಚಕ್ರದ ಮೇಲೆ ಹಾಯಿಸುತ್ತಾರೆ. ಕೆಳಗಿಳಿಯುವ ಡಬ್ಬಿಯ ಭಾರ ಮೇಲೇರುವ ಡಬ್ಬಿಯನ್ನು ಎತ್ತುತ್ತದೆ. ಎರಡರ ನಡುವಿನ ವ್ಯತ್ಯಾಸಕ್ಕೆ ಮತ್ತು ಘರ್ಷಣೆಗೆ ಬೇಕಾಗುವಷ್ಟು ಬಲವನ್ನು ಮಾತ್ರ ಯಂತ್ರ ಕೊಟ್ಟರೆ ಸಾಕು.

ಎರಡೂ ಡಬ್ಬಿಗಳು ಒಂದೇ ಹಳಿಯ ಮೇಲೆ ಬಂದರೆ ನಡುವೆ ಡಿಕ್ಕಿಯಾಗುವುದಿಲ್ಲವೇ? ಅವು ಸರಿಯಾಗಿ ಅರ್ಧದಾರಿಯಲ್ಲೇ ಎದುರಾಗುತ್ತವೆ. ಆದ್ದರಿಂದ ಅಲ್ಲಿ ಮಾತ್ರ ಹಳಿಯನ್ನು ಎರಡಾಗಿ ಕವಲೊಡೆಸಿ ಮತ್ತೆ ಕೂಡಿಸಿದರೆ ಆಯಿತು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಕಾರ್ಲ್ ರೋಮನ್ ಆಬ್ಟ್ 1879ರಲ್ಲಿ ಗೀಸ್‌ಬಾಕ್ ಎಂಬಲ್ಲಿ ಇದನ್ನು ಮಾಡಿ ತೋರಿಸಿದ. ನೀಲಗಿರಿ ರೈಲಿನ ಹಲ್ಲಿನ ಪಟ್ಟಿಯೂ ಇದೇ ಆಬ್ಟ್‌ನ ಪದ್ಧತಿಯದು.

ಕೋಟೆಗೆ ಮೊದಲು ಹತ್ತಿದ್ದು ಸರಕು

ಹಗ್ಗದ ರೈಲಿನ ಬಹು ಹಳೆಯ ಉದಾಹರಣೆ ಒಂದು ಕೋಟೆಯ ಗುಡ್ಡದಲ್ಲಿಯೇ ಇದೆ. ಆಸ್ಟ್ರಿಯಾ ದೇಶದ ಸಾಲ್ಜ್‌ಬರ್ಗ್ ನಗರದ ನೆತ್ತಿಯ ಮೇಲೆ ಹೋಹೆನ್‌ಸಾಲ್ಜ್‌ಬರ್ಗ್ ಎಂಬ ಕೋಟೆಯಿದೆ. ಅದನ್ನು ಕಟ್ಟಲು ಆರಂಭಿಸಿದ್ದು 1077ರಲ್ಲಿ. ಆ ಕೋಟೆಗೆ ಸಾಮಾನು ಸಾಗಿಸುವ ಹಗ್ಗದ ಗಾಡಿಯ ವಿವರ 1515ರ ಬರಹದಲ್ಲಿ ಸಿಗುತ್ತದೆ. ಆಗ ಬಿಜಾಪುರದಲ್ಲಿ ಆದಿಲ್‌ಶಾಹಿ ಮನೆತನದ ಆಳ್ವಿಕೆ ಇನ್ನೂ ಮೊದಲ ದಶಕಗಳಲ್ಲಿತ್ತು. ಸಾಲ್ಜ್‌ಬರ್ಗಿನ ಆ ಗಾಡಿಗೆ ಮರದ ಹಳಿ, ನಾರಿನ ಹಗ್ಗ ಇದ್ದವು. ಎಳೆಯಲು ಮನುಷ್ಯರ ಅಥವಾ ಪ್ರಾಣಿಗಳ ಬಲ. ಹಳಿ, ಹಗ್ಗಗಳು ಬದಲಾದರೂ ಆ ಮಾರ್ಗ ಇಂದಿಗೂ ಸರಕು ಸಾಗಿಸುತ್ತಿದೆ.

ಅದೇ ಕೋಟೆಗೆ ಪ್ರವಾಸಿಗರಿಗಾಗಿ ಬೇರೆ ಹಗ್ಗದ ರೈಲು ಆರಂಭವಾದದ್ದು 1892ರಲ್ಲಿ. ಮೊದಲಿಗೆ ಅದು ನೀರಿನ ಭಾರದಿಂದ ನಡೆಯುತ್ತಿತ್ತು. ಮೇಲೆ ನಿಂತ ಡಬ್ಬಿಯ ತೊಟ್ಟಿಗೆ ನೀರು ತುಂಬಿದರೆ ಅದು ಭಾರವಾಗಿ ಇಳಿಯುತ್ತಿತ್ತು. ಇಳಿಯುತ್ತ ಕೆಳಗಿನ ಡಬ್ಬಿಯನ್ನು ಮೇಲೆತ್ತುತ್ತಿತ್ತು. ಕೆಳಗೆ ಬಂದ ಮೇಲೆ ನೀರು ಹೊರಗೆ ಬಿಡುತ್ತಿದ್ದರು. ಮುಂದೆ ಅದಕ್ಕೆ ವಿದ್ಯುತ್ ಅಳವಡಿಸಿದರು.

ವಿದ್ಯಾರ್ಥಿಗಳು ಈ ಎರಡು ಇಸವಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು: 1515 ಮತ್ತು 1892. ಸರಕಿಗೆ ದೊರೆತ ಅನುಕೂಲ ನೋಡಲು ಬರುವ ಸಾಮಾನ್ಯ ಮನುಷ್ಯನಿಗೆ ದೊರೆಯಲು ಮುನ್ನೂರೆಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಇದನ್ನು ಓದಿದಾಗ ನನಗೆ ನಮ್ಮ ಗುಡ್ಡದ ಬುಡದಲ್ಲಿ ಚೀಲ ಕಾಯುತ್ತ ಕುಳಿತ ಹುಡುಗಿ ನೆನಪಾದಳು.

ಇಸ್ತಾಂಬುಲ್‌ನ ತ್ಯೂನೆಲ್

ನಗರದ ಜನರ ದಿನನಿತ್ಯದ ಓಡಾಟಕ್ಕೆಂದೇ ಕಟ್ಟಿದ ಹಗ್ಗದ ರೈಲುಗಳಲ್ಲಿ ಇಸ್ತಾಂಬುಲ್‌ನದು ಪ್ರಸಿದ್ಧವಾದುದು. ಅಲ್ಲಿ ಸಮುದ್ರದಂಡೆಯ ಗಲಾಟಾ ವ್ಯಾಪಾರದ ಜಾಗ, ಗುಡ್ಡದ ಮೇಲಿನ ಪೇರಾ ವಾಸದ ಜಾಗ. ನಡುವೆ ಕಡಿದಾದ ಕಿರಿದಾದ ಬೀದಿ. ಪ್ರವಾಸಿಯಾಗಿ ಬಂದ ಯೂಜೀನ್ ಹೆನ್ರಿ ಗಾವಾನ್ ಎಂಬ ಫ್ರೆಂಚ್ ಎಂಜಿನಿಯರ್ ಜನ ಏದುಸಿರು ಬಿಡುತ್ತ ಆ ಬೀದಿ ಹತ್ತಿ ಇಳಿಯುವುದನ್ನು ನೋಡಿದ. ಗುಡ್ಡದೊಳಗೆ ಸುರಂಗ ಕೊರೆದು ಹಗ್ಗದ ರೈಲು ಓಡಿಸುವ ಯೋಜನೆ ಹಾಕಿದ. 1869ರಲ್ಲಿ ಸುಲ್ತಾನ್ ಅಬ್ದುಲ್ ಅಝೀಝ್ ಅವರ ಸರ್ಕಾರ ಅನುಮತಿ ಕೊಟ್ಟಿತು.

1875ರ ಜನವರಿ 17ರಂದು ಅದು ಆರಂಭವಾಯಿತು. 1863ರ ಲಂಡನ್ ಮಾರ್ಗದ ನಂತರ ನೆಲದಡಿಯಲ್ಲಿ ಓಡಿದ ಎರಡನೆಯ ನಗರ ರೈಲು ಅದು. ಸುರಂಗದ ಉದ್ದ 573 ಮೀಟರ್. ಮೊದಲು ಉಗಿಯಂತ್ರ ಹಗ್ಗ ಎಳೆಯುತ್ತಿತ್ತು. ಜನರಿಗೆ ಒಂದು ಗಾಡಿಯಾದರೆ ಸರಕಿಗೂ ಪ್ರಾಣಿಗಳಿಗೂ ಮತ್ತೊಂದು. 1971ರಲ್ಲಿ ಅದನ್ನು ವಿದ್ಯುತ್ತಿನಿಂದ ನಡೆಯುವಂತೆ ಹೊಸದಾಗಿ ಕಟ್ಟಿದರು. ಒಂದೂವರೆ ನಿಮಿಷದ ಆ ಪಯಣವನ್ನು ಇಂದಿಗೂ ಸಾವಿರಾರು ಜನ ದಿನವೂ ಮಾಡುತ್ತಾರೆ.

ನಮ್ಮ ನಾಡಿನ ಇಳಿಜಾರು ಹಳಿಗಳು

ಇದೆಲ್ಲ ದೂರದ ಮಾತಾಯಿತು, ಕರ್ನಾಟಕದಲ್ಲಿ ಏನಿದೆ ಎಂದು ಓದುಗರು ಕೇಳಬಹುದು. ಇಲ್ಲಿ ಇಂಥ ಹಳಿಗಳು ಬಂದದ್ದು ಪ್ರವಾಸಕ್ಕಾಗಿ ಅಲ್ಲ, ಬೆಳಕಿಗಾಗಿ.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ಜಲವಿದ್ಯುತ್ ಯೋಜನೆ 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳುಹಿಸಿತು. ಆ ತಂತಿಯ ಉದ್ದ ಸುಮಾರು 147 ಕಿಲೋಮೀಟರ್. ಬೆಂಗಳೂರಿಗೆ ವಿದ್ಯುತ್ ಬಂದದ್ದು 1905ರಲ್ಲಿ. ನೀರು ಮೇಲಿನಿಂದ ಕೊಳವೆಗಳಲ್ಲಿ ಕಣಿವೆಯ ತಳಕ್ಕೆ ಧುಮುಕಿದರೆ ತಾನೆ ಚಕ್ರ ತಿರುಗುವುದು? ಆದ್ದರಿಂದ ವಿದ್ಯುದಾಗಾರ ತಳದಲ್ಲಿ, ಊರು ಮತ್ತು ರಸ್ತೆ ಮೇಲೆ. ಎರಡನ್ನೂ ಕೂಡಿಸಲು ಇಳಿಜಾರಿನಲ್ಲಿ ಹಳಿ ಹಾಕಿ ಹಗ್ಗದ ಟ್ರಾಲಿ ಓಡಿಸಿದರು. ಅದೇ ಶಿವನಸಮುದ್ರದಲ್ಲಿ ಹಜರತ್ ಮರ್ದಾನೆ ಗೈಬ್ ದರ್ಗಾ ಇದೆ. ಅಲ್ಲಿಗೆ ಹೋಗಿ ಬರುವ ನಮ್ಮವರಲ್ಲಿ ಪಕ್ಕದ ಕಣಿವೆಯ ಈ ಚರಿತ್ರೆಯನ್ನು ಬಲ್ಲವರು ಕಡಿಮೆ.

ಎರಡನೆಯದು ಜೋಗ. ಶರಾವತಿಯಿಂದ ವಿದ್ಯುತ್ ತೆಗೆಯುವ ಕೆಲಸ 1939ರಲ್ಲಿ ಆರಂಭವಾಯಿತು. ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ ಮೈಸೂರಿನಲ್ಲಿ ದಿವಾನರಾಗಿದ್ದ ಇವರು 1946ರಲ್ಲಿ ಹೈದರಾಬಾದ್ ಸಂಸ್ಥಾನದ ಪ್ರಧಾನಿಯಾದರು, 1947ರಲ್ಲಿ ಆ ಹುದ್ದೆ ಬಿಟ್ಟರು. ಆಗ ಯಾದಗಿರಿ, ಶಹಾಪುರ, ಸುರಪುರಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ ಅವರು ನಮ್ಮ ಹಿರಿಯರಿಗೂ ಸ್ವಲ್ಪ ಕಾಲ ಪ್ರಧಾನಿಗಳೇ. ಜೋಗದ ವಿದ್ಯುದಾಗಾರ 1948ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಮೊದಲು ಅದಕ್ಕೆ ಕೃಷ್ಣರಾಜೇಂದ್ರರ ಹೆಸರಿತ್ತು, ನಂತರ ಮಹಾತ್ಮ ಗಾಂಧಿಯವರ ಹೆಸರು ಬಂತು. 8 ಘಟಕಗಳ ಅದರ ಈಗಿನ ಸಾಮರ್ಥ್ಯ 139.2 ಮೆಗಾವಾಟ್. ಆ ಫೆಬ್ರವರಿಯಲ್ಲಿ ನಮ್ಮ ಊರುಗಳು ಇನ್ನೂ ನಿಜಾಮರ ಆಡಳಿತದಲ್ಲಿದ್ದವು. ಜೋಗ ಮತ್ತು ಯಾದಗಿರಿ ಒಂದೇ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು.

ಈ ಬೆಳಕಿಗೆ ಬೆಲೆಯೂ ಇತ್ತು. ಯೋಜನೆಗಾಗಿ ಮಡೆನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಮುಂದೆ 1964ರ ಲಿಂಗನಮಕ್ಕಿ ಜಲಾಶಯದಲ್ಲಿ ತಾನೇ ಮುಳುಗಿತು. ಅದರೊಂದಿಗೆ ಎಷ್ಟೋ ಹಳ್ಳಿಗಳು ಮುಳುಗಿದವು. ನೆಲ ಬಿಟ್ಟು ಹೋದವರ ಭೂಮಿಯ ಹಕ್ಕಿನ ಪ್ರಶ್ನೆ ದಶಕಗಳ ಕಾಲ ಎಳೆಯಿತು. ಕೃಷ್ಣಾ ದಂಡೆಯ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಕುಳಿತ ಟ್ರಾಲಿ

ಬಿ.ಎಡ್. ತರಗತಿಯ ಶೈಕ್ಷಣಿಕ ಪ್ರವಾಸದಲ್ಲಿ ನಾವು ಜೋಗಕ್ಕೆ ಹೋದೆವು. ರಾಜಾ, ರೋರರ್, ರಾಕೆಟ್, ರಾಣಿ ನಾಲ್ಕನ್ನೂ ಕಣ್ತುಂಬ ನೋಡಿದೆವು. ವಿದ್ಯುದಾಗಾರ ನೋಡಲು ಮೊದಲೇ ಪತ್ರ ಬರೆದು ಅನುಮತಿ ಪಡೆದಿದ್ದರು. ಅಲ್ಲಿನ ಸಿಬ್ಬಂದಿ ಆ ಗಾಡಿಯನ್ನು ವಿಂಚ್ ಎಂದೂ ಟ್ರಾಲಿ ಎಂದೂ ಕರೆಯುತ್ತಿದ್ದರು.

ಹೊರಗಿನಿಂದ ಅದು ಸಾಧಾರಣ ಡಬ್ಬಿ. ಒಳಗೆ ಆಸನಗಳು ಮೆಟ್ಟಿಲಿನಂತೆ ಒಂದರ ಕೆಳಗೊಂದು. ಹಳಿ ಓರೆಯಾಗಿದ್ದರೂ ಕುಳಿತವರು ನೆಟ್ಟಗಿರಲೆಂದು ಈ ಏರ್ಪಾಡು. ಮೇಲಿನ ಯಂತ್ರದ ಮನೆಯಲ್ಲಿ ದೊಡ್ಡ ಉರುಳೆಗೆ ಉಕ್ಕಿನ ಹಗ್ಗ ಸುತ್ತಿರುತ್ತದೆ. ಇಲ್ಲಿ ಜೋಡಿ ಡಬ್ಬಿಯ ತೂಕದ ನೆರವಿಲ್ಲ. ಯಂತ್ರವೇ ಹಗ್ಗ ಬಿಡುತ್ತದೆ, ಯಂತ್ರವೇ ಸುತ್ತಿಕೊಳ್ಳುತ್ತದೆ. ಡಬ್ಬಿ ಜರುಗಿದಾಗ ನಮ್ಮ ಗದ್ದಲ ಒಮ್ಮೆಗೇ ನಿಂತಿತು. ಕಣ್ಣ ಮುಂದೆ ಹಳಿ ನೇರವಾಗಿ ಹಸಿರು ಕಣಿವೆಗೆ ಇಳಿದು ಹೋಗಿತ್ತು. ಪಕ್ಕದಲ್ಲಿ ನೀರಿನ ಭಾರಿ ಕೊಳವೆಗಳು. ನಮ್ಮ ಗಾಡಿ ನಡಿಗೆಯ ವೇಗದಲ್ಲಿ ಇಳಿಯುತ್ತಿದ್ದರೆ ಕೊಳವೆಯೊಳಗೆ ನೀರು ಕಣ್ಣಿಗೆ ಕಾಣದೆ ಧಾವಿಸುತ್ತಿತ್ತು.

ನಮ್ಮ ಜೊತೆಗಿದ್ದ ಹಿರಿಯ ಕೆಲಸಗಾರರೊಬ್ಬರನ್ನು ನಾನು, "ಹಗ್ಗ ಹರಿದರೆ ಏನು ಗತಿ?" ಎಂದು ಕೇಳಿದೆ. ಅವರು ನಕ್ಕು, "ಹಗ್ಗ ನಂಬಬೇಕು ಸ್ವಾಮಿ, ಆದರೆ ದಿನಾ ನೋಡ್ಕೋಬೇಕು" ಎಂದರು.

ಆ ಮಾತಿನ ತೂಕ ನನಗೆ ಬಹಳ ದಿನಗಳ ನಂತರ ತಿಳಿಯಿತು. ಪೋರ್ಚುಗಲ್ ದೇಶದ ಲಿಸ್ಬನ್ ನಗರದಲ್ಲಿ 1885ರಿಂದ ಇದ್ದ ಗ್ಲೋರಿಯಾ ಎಂಬ ಪ್ರಸಿದ್ಧ ಹಗ್ಗದ ರೈಲು 2025ರ ಸೆಪ್ಟೆಂಬರ್ 3ರಂದು ಅಪಘಾತಕ್ಕೀಡಾಯಿತು. ಹಗ್ಗದ ಜೋಡಣೆ ಕಳಚಿ ಡಬ್ಬಿ ಇಳಿಜಾರಿನಲ್ಲಿ ನುಗ್ಗಿ, 16 ಜನ ಪ್ರಾಣ ಕಳೆದುಕೊಂಡರು. ಹಳೆಯದು ಎಂಬ ಹೆಮ್ಮೆ ಮಾತ್ರ ಯಾರನ್ನೂ ಕಾಪಾಡುವುದಿಲ್ಲ. ದಿನದ ತಪಾಸಣೆ ಕಾಪಾಡುತ್ತದೆ.

ನಮ್ಮ ಗುಡ್ಡಗಳು

ಈಗ ನಮ್ಮ ಊರಿಗೆ ಮರಳೋಣ. ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಡ್ಡದ ಊರುಗಳು. ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಯಾದಗಿರಿ ಕೋಟೆಯಲ್ಲಿ ಬಾಗಿಲುಗಳು, ನೀರಿನ ಹೊಂಡಗಳು, ಹಳೆಯ ಮಸೀದಿ, ಗುಡಿ, ತೋಪುಗಳಿವೆ. ಆ ತೋಪುಗಳನ್ನು ಮೇಲೆ ತಂದವರು ಯಾರು? ಅರಸರ ಹೆಸರು ಚರಿತ್ರೆಯಲ್ಲಿ ಉಳಿಯಿತು, ಹಗ್ಗ ಎಳೆದವರ ಹೆಸರು ಉಳಿಯಲಿಲ್ಲ.

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಫಿಲಿಪ್ ಮೆಡೋಸ್ ಟೇಲರ್ ಹದಿನೈದರ ವಯಸ್ಸಿನಲ್ಲಿ ಮುಂಬೈಗೆ ಬಂದಿಳಿದು, ನಿಜಾಮರ ಸೇವೆಗೆ ಸೇರಿ, 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಅಧಿಕಾರಿ. ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಂಡವನು. ಅದೇ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ನಿಂತು, ಸೆರೆಯಾಗಿ, ಗುಂಡೇಟಿನಿಂದ ತೀರಿಕೊಂಡನು.

ಕೋಟೆಗೆ ಹೋಗಿ ಬಂದ ಮರುವರ್ಷ ನಾವು ಮಕ್ಕಳನ್ನು ಟೇಲರ್ ಮಂಜಿಲ್‌ಗೆ ಕರೆದುಕೊಂಡು ಹೋದೆವು. ಅಲ್ಲಿಗೆ ವಾಹನ ಹೋಗುವ ದಾರಿಯಿದೆ. ಈ ಸಲ ನಾನು ಮೊದಲು ಯೋಚಿಸಿದ್ದು ಒಂದೇ: ಯಾರೂ ಕೆಳಗೆ ಉಳಿಯಬಾರದು. ಆ ಹುಡುಗಿ ಮೊದಲ ಟಂಟಂನಲ್ಲಿ ಕುಳಿತು ಎಲ್ಲರಿಗಿಂತ ಮುಂಚೆ ಮೇಲೆ ತಲುಪಿದಳು. ನಾವು ಹೋಗುವಷ್ಟರಲ್ಲಿ ಊರುಗೋಲನ್ನು ಗೋಡೆಗೆ ಆನಿಸಿ, ಕೆಳಗಿನ ಸುರಪುರವನ್ನು ನೋಡುತ್ತ ನಿಂತಿದ್ದಳು. ನಾನು ಹತ್ತಿರ ಹೋಗಿ, "ಅವತ್ತು ನಾನು ತಪ್ಪು ಹೇಳಿದ್ದೆ, ರೈಲು ಗುಡ್ಡ ಹತ್ತುತ್ತದೆ" ಎಂದು ಹೇಳಿ, ಹಗ್ಗದ ಕಥೆಯನ್ನೆಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿ, "ಹಾಗಾದರೆ ನಮ್ಮ ಕೋಟೆಗೆ ಯಾಕೆ ಇಲ್ಲ ಸರ್?" ಎಂದಳು.

ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಕೋಟೆಯ ಬಂಡೆ ಒಡೆದು, ಹಳೆಯ ಗೋಡೆ ಕೆಡವಿ ಹಳಿ ಹಾಕಬೇಕೆಂದು ನಾನು ಹೇಳಲಾರೆ. ಅದು ಚರಿತ್ರೆಗೆ ಅನ್ಯಾಯ. ಆದರೆ ಹಿಡಿದು ನಡೆಯಲು ಕಂಬಿ, ಅಲ್ಲಲ್ಲಿ ಕುಳಿತು ದಣಿವಾರಿಸಿಕೊಳ್ಳಲು ಕಟ್ಟೆ, ಕುಡಿಯುವ ನೀರು, ಹತ್ತಲಾರದವರಿಗಾಗಿ ಬುಡದಲ್ಲಿ ಮೇಲಿನ ಚಿತ್ರ ಮತ್ತು ವಿವರದ ಫಲಕ, ಇಷ್ಟನ್ನಾದರೂ ಕೇಳಬಹುದು. ಊರಿನ ವಿದ್ಯಾವಂತರು ಕೂಡಿ ಕೇಳಿದರೆ ಅದು ಅಸಾಧ್ಯವಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಹಗ್ಗದ ರೈಲಿನಲ್ಲಿ ಮೇಲೆ ಹೋದ ಡಬ್ಬಿ ಅಲ್ಲಿಯೇ ನಿಂತುಬಿಟ್ಟರೆ ಕೆಳಗಿನ ಡಬ್ಬಿ ಎಂದಿಗೂ ಮೇಲೇರುವುದಿಲ್ಲ. ನಮ್ಮ ಮೂರು ತಾಲ್ಲೂಕುಗಳಿಂದ ಓದಿ ಮುಂದೆ ಹೋದವರು ಅನೇಕರಿದ್ದಾರೆ. ಅವರು ವರ್ಷಕ್ಕೊಮ್ಮೆ ತಮ್ಮ ಶಾಲೆಗೆ ಬಂದು ಒಂದು ಪಾಠ ಹೇಳಿದರೂ, ಒಂದು ಮಗುವಿನ ಪುಸ್ತಕದ ಖರ್ಚು ನೋಡಿಕೊಂಡರೂ ಇನ್ನೊಂದು ಡಬ್ಬಿ ಮೇಲೇರುತ್ತದೆ. ಶಿಕ್ಷಕರಾದ ನಾವು ಮುಂದಿನ ಪ್ರವಾಸದ ಪಟ್ಟಿ ಬರೆಯುವಾಗ, ಚೀಲ ಕಾಯಲು ಯಾವ ಮಗುವೂ ಬುಡದಲ್ಲಿ ಉಳಿಯದಂತೆ ಮೊದಲೇ ಯೋಚಿಸೋಣ.

ಆ ಹುಡುಗಿ ಈಗ ಕಾಲೇಜು ಓದುತ್ತಿದ್ದಾಳೆ. ಆರಿಸಿಕೊಂಡ ವಿಷಯ ಇತಿಹಾಸ.